ತಗೊಳ್ಳಿ

ಆಗಸ್ಟ್ 4, ಸೋಮವಾರ

ಟೆನ್ಷನ್ ಆದಾಗ ಉಗುರು ಕಡಿಯುವ ಬದಲು ಬರೆಯಬೇಕಂತೆ. ಕಾಲೇಜಿನ ಕೌನ್ಸೆಲರ್ ಹೇಳಿದರು. ಕಡಿಯಲು ಉಗುರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದೇ ಮೊದಲನೇ ಟೆನ್ಷನ್. ನಾಲ್ಕನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಲ್ಲಿ ಹೊಟ್ಟೆನೋವು ಬಂದರೂ ಇಂಗ್ಲಿಷಿನಲ್ಲೇ ಬರಬೇಕಿತ್ತು. ರಜೆಗೆ ಮನೆಗೆ ಹೋದರೆ ಅಜ್ಜಿ, "ಇದೇನೇ, ಬಾಯಲ್ಲಿ ಬಟ್ಟೆ ತುರುಕ್ಕೊಂಡು ಮಾತಾಡ್ತೀಯ" ಅನ್ನುತ್ತಿದ್ದಳು. ಹಾಸ್ಟೆಲಿಗೆ ವಾಪಸ್ ಬಂದರೆ ಇಂಗ್ಲಿಷ್ ಟೀಚರಿಗೂ ಅದೇ ಬಟ್ಟೆ ಕಾಣುತ್ತಿತ್ತು. ಹುಡುಗಿಯರು ನನಗಿಟ್ಟ ಹೆಸರು 'ಅರೆಬರೆ'. ಈಗ ಡಿಗ್ರಿ ಮೊದಲ ವರ್ಷ, ಹೊಸ ಊರು, ಹೊಸ ಹಾಸ್ಟೆಲು. ಇಲ್ಲಿ ಇನ್ನೂ ಯಾರಿಗೂ ಆ ಹೆಸರು ಗೊತ್ತಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಬಾಯಿ ಬಿಡುತ್ತಲೇ ಇಲ್ಲ.

ಈ ಊರಿನಲ್ಲಿ ನನ್ನವಳು ಅಂತ ಇರುವುದು ಚಿಕ್ಕಮ್ಮ ಒಬ್ಬಳೇ. ನಾನು ಹುಟ್ಟುವ ಮೊದಲಿನಿಂದಲೂ ಅವಳು ವಿಮಾನದಲ್ಲಿ ಗಗನಸಖಿ. ಶಾಲೆಯ ಹಾಸ್ಟೆಲಿಗೆ ನನ್ನನ್ನು ನೋಡಲು ಅಮ್ಮನಿಗಿಂತ ಹೆಚ್ಚು ಸಲ ಬಂದವಳು ಅವಳೇ. ಬರುವಾಗ ಬ್ಯಾಗಿನ ತುಂಬ ವಿಮಾನ. ಬೆರಳುದ್ದದ ಉಪ್ಪಿನ ಪೊಟ್ಟಣ, ಗೊಂಬೆಮನೆಗಾಗುವಂಥ ಜಾಮ್ ಡಬ್ಬಿ, ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ. ಒಮ್ಮೆ ಒಂದು ನೀಲಿ ಕಂಬಳಿ ತಂದಳು. ಅಂಚು ಹರಿದ ಕಂಬಳಿಗಳನ್ನು ಆಗೆಲ್ಲ ಕಂಪನಿಯವರು ಬಿಸಾಡುತ್ತಿದ್ದರಂತೆ. ಅವಳು ಅಂಚು ಹೊಲಿದು ತಂದು, "ತಗೋ" ಅಂದಳು. ಅಷ್ಟೇ. ಏನು ಕೊಟ್ಟರೂ ಅವಳದು ಅದೊಂದೇ ಮಾತು. ಆ ಕಂಬಳಿ ಈಗಲೂ ನನ್ನ ಮಂಚದ ಮೇಲಿದೆ. ಮೊನ್ನೆ ರೂಮ್‌ಮೇಟಿಗೆ ಚಳಿ ಆಯಿತೆಂದಾಗ ಅದನ್ನೇ ಹೊದಿಸಿದೆ.

ಇವತ್ತು ಚಿಕ್ಕಮ್ಮ ಫೋನ್ ಮಾಡಿದ್ದಳು.

"ನಮ್ಮ ಆಫೀಸಲ್ಲಿ ಶನಿವಾರದ ಕೆಲಸಕ್ಕೆ ಒಬ್ಬ ಸ್ಟೂಡೆಂಟ್ ಬೇಕಂತೆ. ಇಂಗ್ಲಿಷಲ್ಲಿರೋದನ್ನ ನಮ್ಮ ಭಾಷೆಗೆ ಮಾಡೋದು. ಹೋಗಿ ನೋಡೇ."

"ನನ್ನ ಭಾಷೆ ನೋಡಿದ್ರೆ ಓಡಿಸ್ತಾರೆ ಚಿಕ್ಕಮ್ಮ."

"ಓಡಿಸಿದ್ರೆ ಓಡಿ ಬಾ, ಟೀ ಮಾಡಿಕೊಡ್ತೀನಿ. ಒಂದೇ ಮಾತು, ಅಲ್ಲಿ ನನ್ನ ಸಂಬಂಧ ಎತ್ತಬೇಡ. ಶಿಫಾರಸು ಅಂತಾರೆ. ಎದುರಿಗೆ ಸಿಕ್ರೂ ನಾನು ನಿನಗೆ ಮೇಡಂ, ನೀನು ನನಗೆ ಯಾರೋ."

ನಗು ಬಂತು. ಅವಳನ್ನು ಮೇಡಂ ಅನ್ನಲು ನನಗೆ ನಾಲಿಗೆ ಹೊರಳುವುದುಂಟೇ.

ಆಗಸ್ಟ್ 9, ಶನಿವಾರ

ಕೆಲಸ ಸಿಕ್ಕಿತು.

ಆಫೀಸು ವಿಮಾನ ನಿಲ್ದಾಣದ ಹಿಂಬದಿಯಲ್ಲಿ, ಸರಕಿನ ಗೋದಾಮಿನ ಮೇಲಿನ ಮಹಡಿ. ವಿಮಾನ ಮೇಲೇಳುವಾಗಲೆಲ್ಲ ಮೇಜಿನ ಮೇಲಿನ ಪೆನ್ನು ತಾನಾಗಿ ಉರುಳುತ್ತದೆ. ಬಾಗಿಲ ಮೇಲೆ 'ಹೆಚ್ಚುವರಿ ಸೇವೆಗಳ ವಿಭಾಗ' ಎಂಬ ಬೋರ್ಡು. ಅದರ ಮುಖ್ಯಸ್ಥರನ್ನು ಎಲ್ಲರೂ ಎಕ್ಸ್‌ಟ್ರಾ ಸರ್ ಅನ್ನುತ್ತಾರೆ, ಹಿಂದೆ ಅಲ್ಲ, ಮುಖದ ಮುಂದೆಯೇ. ಅವರಿಗೆ ಅದು ಬಿರುದಿನ ಹಾಗೆ.

"ನೋಡಮ್ಮ," ಅಂದರು, "ಮೊದಲು ಟಿಕೆಟ್ ಅಂದ್ರೆ ಊಟ, ಕಂಬಳಿ, ದಿಂಬು, ಪೇಪರು, ಎಲ್ಲ ಅದರಲ್ಲೇ. ಮದುವೆ ಮನೆ ಆಗಿತ್ತು ವಿಮಾನ. ಈಗ ಟಿಕೆಟ್ ಅಂದ್ರೆ ಸೀಟು ಮಾತ್ರ. ಆ ಸೀಟು ಕಿಟಕಿ ಪಕ್ಕ ಬೇಕು ಅಂದ್ರೆ ಅದೂ ಎಕ್ಸ್‌ಟ್ರಾ."

"ನೀರೂನಾ ಸರ್?"

"ಬಾಯಾರಿಕೆ ಫ್ರೀ," ಅಂದು ಅವರೇ ಮೊದಲು ನಕ್ಕರು. ನಾನೂ ನಕ್ಕೆ. ಇಂಟರ್‌ವ್ಯೂನಲ್ಲಿ ನಗದೆ ಇರಲಾಗುತ್ತದೆಯೇ.

ಆಮೇಲೆ ನನ್ನ ಭಾಷೆ ವಿಚಾರಿಸಿದರು. ಸುಳ್ಳು ಹೇಳಲಾಗದೆ, ಎರಡೂ ಅರ್ಧರ್ಧ ಬರುತ್ತದೆ ಅಂದೆ. ಓಡಿಸುತ್ತಾರೆ ಅಂದುಕೊಂಡರೆ ಅವರು ಮುಂದಕ್ಕೆ ಬಾಗಿದರು.

"ಪೂರ್ತಿ ಬರೋರು ನಮಗೆ ಬೇಡವೇ ಬೇಡ. ಹೋದ ಸಲ ಒಬ್ಬ ಮೇಷ್ಟ್ರನ್ನ ಕರೆಸಿದ್ವಿ. 'ಮಾನ್ಯ ಪ್ರಯಾಣಿಕರೇ, ಹೊದಿಕೆಯನ್ನು ಕ್ರಯಕ್ಕೆ ಪಡೆಯಬಹುದಾಗಿದೆ' ಅಂತ ಬರೆದುಕೊಟ್ಟು ಹೋದ್ರು. ಒಂದು ಕಂಬಳಿ ಕದಲಲಿಲ್ಲ. ನಮ್ಮ ಪ್ರಯಾಣಿಕರು ಅರ್ಧಂಬರ್ಧ ಮಾತಾಡ್ತಾರಮ್ಮ. ನಿಮ್ಮಂಥೋರೇ ಬೇಕು."

ಅರೆಬರೆ ಆಗಿದ್ದಕ್ಕೆ ಒಬ್ಬರು ನನ್ನನ್ನು ಬೇಕು ಅಂದದ್ದು ಜೀವನದಲ್ಲಿ ಇದೇ ಮೊದಲು.

ಆಗಸ್ಟ್ 16, ಶನಿವಾರ

ಭೂಮಿ ಬಾಯ್ಬಿಡಬಾರದಿತ್ತೇ.

ಇವತ್ತು ನಾನು ಬರೆದ ಮಾತುಗಳನ್ನು ಸಿಬ್ಬಂದಿಯ ಕೈಯಲ್ಲಿ ಹೇಳಿಸಿ ನೋಡುವ ದಿನ. ಟ್ರೇನಿಂಗ್ ಕೋಣೆಯಲ್ಲಿ ಹಳೆಯ ವಿಮಾನದ ಸೀಟುಗಳನ್ನು ಸಾಲಾಗಿ ಜೋಡಿಸಿದ್ದಾರೆ, ನಡುವೆ ತಳ್ಳುಗಾಡಿ ಹೋಗುವಷ್ಟು ದಾರಿ. ಸಮವಸ್ತ್ರದವರ ನಡುವೆ ಚಿಕ್ಕಮ್ಮನೂ ಇದ್ದಳು, ಕೂದಲನ್ನು ಒಂದು ಎಳೆಯೂ ಆಚೀಚೆ ಆಗದ ಹಾಗೆ ಕಟ್ಟಿಕೊಂಡು. "ನಮಸ್ತೆ ಮೇಡಂ" ಅಂದೆ. "ನಮಸ್ತೆ" ಅಂದು ತಲೆ ಬಾಗಿಸಿದಳು. ಕಣ್ಣಿನಲ್ಲಿ ಮಾತ್ರ ತುಂಟತನ.

ಒಬ್ಬ ಉದ್ದನೆಯ ಸ್ಟೀವರ್ಡ್ ನನ್ನ ಮೊದಲ ಸಾಲು ಓದಿದ. "ಚಳಿಯಾಗುತ್ತಿದೆಯೇ? ಕಂಬಳಿ ಕೊಳ್ಳಿ."

ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಸರ್," ಅಂದ ಅವನು, "ಮೂವತ್ತು ಸಾವಿರ ಅಡಿ ಮೇಲೆ ಕೊಳ್ಳಿ ಕೊಳ್ಳಿ ಅಂತ ಕೂಗಿದ್ರೆ ಜನ ಎಮರ್ಜೆನ್ಸಿ ಬಾಗಿಲು ಕಿತ್ಕೊಂಡು ಹಾರ್ತಾರೆ."

ನನಗೆ ಜೋಕೇ ತಿಳಿಯಲಿಲ್ಲ. ಎಲ್ಲರ ಜೊತೆ ಪೆಚ್ಚಾಗಿ ಹಲ್ಲು ಬಿಟ್ಟೆ. ಆಗ ಚಿಕ್ಕಮ್ಮ ಹತ್ತಿರ ಬಂದು, ಯಾರೋ ಅಪರಿಚಿತಳಿಗೆ ಹೇಳುವ ಹಾಗೆ ಮೆಲ್ಲಗೆ, "ಕೊಳ್ಳಿ ಅಂದ್ರೆ ಉರಿಯೋ ಕಟ್ಟಿಗೆ ಅಂತಲೂ ಅರ್ಥ ಇದೆ. ಅದಕ್ಕೆ ನಗ್ತಿದ್ದಾರೆ" ಅಂದಳು. ಸಮವಸ್ತ್ರದವರಲ್ಲಿ ನಗದೆ ಇದ್ದವಳು ಅವಳೊಬ್ಬಳೇ. ನನ್ನ ಕಿವಿಗೆ ಅದೇ ಕೊಳ್ಳಿ ಇಟ್ಟ ಹಾಗಾಗಿತ್ತು.

ಎಕ್ಸ್‌ಟ್ರಾ ಸರ್ ನಗಲಿಲ್ಲ. ಮುಂದಿನ ವಾರದವರೆಗೆ ಟೈಮು ಕೊಟ್ಟಿದ್ದಾರೆ. ಆಗದಿದ್ದರೆ ಕೆಲಸ ಇಲ್ಲ.

ಸಂಜೆ ಚಿಕ್ಕಮ್ಮನ ಮನೆಗೆ ಹೋದೆ. ಅವಳದು ಒಂಟಿ ಜೀವ, ಎರಡೇ ಕೋಣೆಯ ಮನೆ, ಕಿಟಕಿಯ ಹತ್ತಿರ ಮೇಜು. ಅಳು ಬರುವ ಮೊದಲೇ ಟೀ ಕಪ್ಪು ಎದುರಿಗೆ ತಳ್ಳಿ, "ತಗೋ" ಅಂದಳು. ಬಾಯಿಗಿಟ್ಟವಳು ಹಾಗೇ ನಿಂತೆ.

"ಚಿಕ್ಕಮ್ಮ, ಅಂಗಡೀಲೂ ತಗೊಳ್ಳಿ ಅಂತಾರೆ ಅಲ್ವಾ?"

"ಹೂಂ. ತಗೊಳ್ಳಿ ಮೇಡಂ, ಒಳ್ಳೇ ಬಟ್ಟೆ, ಬಣ್ಣ ಹೋಗಲ್ಲ ತಗೊಳ್ಳಿ ಅಂತಾರೆ. ಒಂದು ಸಲ ಒಗೆದ್ರೆ ಬಟ್ಟೇನೇ ಹೋಗುತ್ತೆ. ಯಾಕೆ?"

"ಸುಮ್ನೆ" ಅಂದೆ.

ಆಗಸ್ಟ್ 23, ಶನಿವಾರ

"ಚಳಿ ಇದೆ ಅಲ್ವಾ? ಕಂಬಳಿ ತಗೊಳ್ಳಿ."

ಇಷ್ಟೇ. ಬರೆದು ಎಕ್ಸ್‌ಟ್ರಾ ಸರ್ ಮುಂದಿಟ್ಟೆ. ಎರಡು ಮೂರು ಸಲ ಗಟ್ಟಿಯಾಗಿ ಹೇಳಿ ನೋಡಿದರು, ಹೊಸ ತಿಂಡಿಯ ರುಚಿ ನೋಡುವವರ ಹಾಗೆ. ಆಮೇಲೆ ಕುರ್ಚಿಗೆ ಒರಗಿದರು.

"ಕೊಡ್ತಿದ್ದೀವೋ ಮಾರ್ತಿದ್ದೀವೋ ಗೊತ್ತೇ ಆಗಲ್ಲ ಕಣಮ್ಮ ಇದು."

"ಇಲ್ಲ ಸರ್, ಅಂಗಡಿಯಲ್ಲಿ ತಗೊಳ್ಳಿ ಅಂದ್ರೆ ಕೊಳ್ಳಿ ಅಂತಲೇ."

"ಅದಕ್ಕೇ ಹೇಳಿದ್ದು. ಸುಳ್ಳೂ ಅಲ್ಲ. ಇಂಗ್ಲಿಷಲ್ಲಿ ಇಂಥದ್ದೊಂದು ಪದ ಇಲ್ಲವಲ್ಲಾ, ಎಂಥ ಭಾಷೆ ನಮ್ಮದು."

ಆಫೀಸಿನವರನ್ನೆಲ್ಲ ಕರೆದು ನನ್ನ ಪರಿಚಯ ಮಾಡಿಸಿದರು. ಚಪ್ಪಾಳೆ ತಟ್ಟಿದರು. ಒಳಗೆ ಒಂದು ಚೂರು ಏನೋ ಚುಚ್ಚಿದ ಹಾಗಾಯಿತು, ಮುಳ್ಳೋ ಅಥವಾ ಹೊಸ ಚಪ್ಪಲಿಯೋ ಗೊತ್ತಾಗಲಿಲ್ಲ. ಚಪ್ಪಾಳೆಯಲ್ಲಿ ಮರೆತುಹೋಯಿತು.

ಸೆಪ್ಟೆಂಬರ್ 6, ಶನಿವಾರ

ಕಂಬಳಿ ಖಾಲಿ, ದಿಂಬು ಖಾಲಿ, ಬಿಸ್ಕತ್ತಿಗೂ ಅದೇ ಮಾತು ಹಾಕುತ್ತಿದ್ದಾರೆ. ನನಗೆ ಕಿಟಕಿ ಪಕ್ಕದ ಕುರ್ಚಿ. ಮೀಟಿಂಗಿನಲ್ಲಿ "ಭಾಷೆ ವಿಷಯ ಇವರನ್ನು ಕೇಳಿ" ಅಂತ ನನ್ನ ಕಡೆ ಕೈ ತೋರಿಸಿದರು. ನಾಲ್ಕನೇ ಕ್ಲಾಸಿನಿಂದ ಅರೆಬರೆ ಅಂದವರೆಲ್ಲ ಒಂದು ಸಲ ಬಂದು ನೋಡಿಹೋಗಲಿ.

ಸೆಪ್ಟೆಂಬರ್ 7, ಭಾನುವಾರ

ಚಿಕ್ಕಮ್ಮನ ಮನೆಗೆ ಖುಷಿಯಾಗಿ ಹೋದವಳು ಏನೋ ಆಗಿ ಬಂದೆ.

ಅವಳು ಡ್ಯೂಟಿಯಿಂದ ಬಂದು ಸಮವಸ್ತ್ರ ಬದಲಿಸದೆ ಕೂತಿದ್ದಳು. ಅವಳು ಹಾಗೆ ಕೂರುವವಳಲ್ಲ. ಕೇಳಿದರೆ ಮೊದಲು ಏನಿಲ್ಲ ಅಂದಳು, ಆಮೇಲೆ ಹೇಳಿದಳು.

"ಒಬ್ಬ ಅಜ್ಜಿ ಕಣೆ. ಮೊದಲನೇ ಸಲ ವಿಮಾನ ಹತ್ತಿದ್ದು, ಒಬ್ಬಳೇ. ಚಳಿಗೆ ಕೈ ಎರಡೂ ಕಂಕುಳಲ್ಲಿ ಇಟ್ಕೊಂಡು ಮುದುರಿ ಕೂತಿದ್ದಳು. ನಾನು ಹೋಗಿ, ಬರೆದುಕೊಟ್ಟಿದ್ದಾರಲ್ಲ, ಅದೇ ಹೇಳಿದೆ. ಚಳಿ ಇದೆ ಅಲ್ವಾ, ಕಂಬಳಿ ತಗೊಳ್ಳಿ. ತಗೊಂಡಳು. ನನ್ನ ಗಲ್ಲ ಮುಟ್ಟಿ ಏನಂದ್ಲು ಗೊತ್ತಾ? ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ, ಅಂದ್ಲು."

ಟೀ ಆರುತ್ತಿತ್ತು.

"ಇಳಿಯೋಕೆ ಮುಂಚೆ ಬಿಲ್ ಮಷೀನ್ ಹಿಡ್ಕೊಂಡು ಹೋಗಬೇಕಲ್ಲ. ಹೋದೆ. ಅವಳಿಗೆ ಅರ್ಥವೇ ಆಗಲಿಲ್ಲ. ನೀವೇ ತಗೊಳ್ಳಿ ಅಂದ್ರಲ್ಲಮ್ಮ, ಅಂದ್ಲು. ಆಮೇಲೆ ಅರ್ಥ ಆಯ್ತು. ಎದ್ದು ನಿಂತು ಕಂಬಳೀನ ನಾಲ್ಕು ಮಡಿಕೆ ಮಾಡಿ, ಧೂಳು ಒರೆಸಿ, ಕೊಳೆ ಮಾಡಿಲ್ಲ ನೋಡಿ, ವಾಪಸ್ ಇಟ್ಕೊಳ್ಳಿ, ಅಂದ್ಲು. ಕವರ್ ಹರಿದ ಮೇಲೆ ವಾಪಸ್ ಇಟ್ಕೊಳ್ಳೋ ಹಾಗಿಲ್ಲ. ಸುತ್ತ ಎಲ್ಲಾ ನೋಡ್ತಿದ್ದಾರೆ, ಕಳ್ಳಿ ಸಿಕ್ಕಿಬಿದ್ದಿದ್ದಾಳೆ ಅನ್ನೋ ಹಾಗೆ."

"ಆಮೇಲೆ?"

"ನಾನೇ ಕಟ್ಟಿದೆ. ಅದಲ್ಲ ವಿಷಯ. ಕಂಬಳಿ ವಾಪಸ್ ಕೊಡೋಕೆ ಬಂದ್ಲು, ಆಶೀರ್ವಾದ ವಾಪಸ್ ತಗೊಳ್ಳೋಕೆ ಆಗದೆ ನಿಂತಿದ್ಲು. ಅದು ಕಣೆ."

ಅವಳು, "ಆ ಮಾತು ನೀನು ಬರೆದದ್ದಾ?" ಅಂದಳು.

"ಟೀಮ್ ಬರೆದದ್ದು."

ನನ್ನನ್ನೇ ನೋಡಿದಳು. ಆಮೇಲೆ ಕಪ್ಪು ನನ್ನ ಕಡೆ ತಳ್ಳಿ, "ತಗೋ, ಆರಿಹೋಗುತ್ತೆ" ಅಂದಳು.

ಹೊರಡುವಾಗ ಇನ್ನೊಂದು ಹೇಳಿದಳು. ಆ ಅಜ್ಜಿ ಇಳಿದಾಗಿನಿಂದ ಪ್ರತಿಯೊಬ್ಬರಿಗೂ 'ತಗೊಳ್ಳಿ' ಅಂದ ಮೇಲೆ, 'ಇದಕ್ಕೆ ದುಡ್ಡಾಗುತ್ತೆ' ಅಂತ ಸೇರಿಸುತ್ತಿದ್ದಾಳಂತೆ. ಬರೆದುಕೊಟ್ಟದ್ದಕ್ಕೆ ಒಂದು ಅಕ್ಷರ ಸೇರಿಸಿದರೂ ತಪ್ಪು, ಸಿಕ್ಕಿದರೆ ಕೆಲಸಕ್ಕೆ ಕುತ್ತು. "ನಿನಗೊಬ್ಬಳಿಗೆ ಹೇಳಿದ್ದೀನಿ. ಹೊಟ್ಟೇಲಿಟ್ಕೋ."

ಇಟ್ಟುಕೊಂಡಿದ್ದೇನೆ. ಅಜ್ಜಿಯ ಬಗ್ಗೆ ಪಾಪ ಅನ್ನಿಸಿತು. ಆದರೆ ನಿಜ ಹೇಳಬೇಕೆಂದರೆ ಸೀಟಿನ ಹಿಂದೆ ಬೆಲೆಯ ಕಾರ್ಡು ಇರುತ್ತದಲ್ಲ. ಓದಲು ಬಾರದಿದ್ದರೆ ಅದು ಮಾತಿನ ತಪ್ಪೇ?

ಸೆಪ್ಟೆಂಬರ್ 14, ಭಾನುವಾರ

ರೂಮ್‌ಮೇಟಿಗೆ ಜ್ವರ. ನೀಲಿ ಕಂಬಳಿ ಕೊಡೇ ಅಂದಳು. ಕೊಡುತ್ತೇನೆ, ಆದರೆ ಒಗೆದು ಮಡಚಿ ಕೊಡಬೇಕು, ಭಾನುವಾರದ ಕಸ ಗುಡಿಸುವ ನನ್ನ ಪಾಳಿ ಅವಳು ಮಾಡಬೇಕು ಅಂದೆ. ಮೊದಲೇ ಹೇಳಿಬಿಟ್ಟರೆ ಆಮೇಲೆ ಗೊಂದಲ ಇರುವುದಿಲ್ಲ.

"ನಿಂದೇನು ವಿಮಾನಾನಾ? ಬೇಡ ಬಿಡು" ಅಂದು ಗೋಡೆ ಕಡೆ ತಿರುಗಿ ಮಲಗಿದಳು.

ಜ್ವರದಲ್ಲಿ ಎಲ್ಲರೂ ಸಿಡುಕುತ್ತಾರೆ.

ಸೆಪ್ಟೆಂಬರ್ 20, ಶನಿವಾರ

ಬೆಳಗ್ಗೆ ಹೋಗುತ್ತಲೇ ಎಕ್ಸ್‌ಟ್ರಾ ಸರ್ ಕರೆದರು. ಮುಖದಲ್ಲಿ ಹಿಂದಿನ ವಾರದ ನಗು ಇಲ್ಲ.

"ಬೆಳಗಿನ ಕೆಲವು ವಿಮಾನಗಳಲ್ಲಿ ಕಂಬಳಿ ಹೋಗ್ತಾನೇ ಇಲ್ಲ. ನಿಮ್ಮ ಮಾತಿನ ಮಹಿಮೆ ಇಳೀತು ಅನ್ಸುತ್ತೆ. ಜನ ಬುದ್ಧಿವಂತರಾಗಿಬಿಟ್ರೋ ಏನೋ. ಮೇಷ್ಟ್ರನ್ನೇ ಮತ್ತೆ ಕರೆಸಬೇಕಾಗುತ್ತೆ."

ಟ್ರೇನಿಂಗ್ ಕೋಣೆಯ ಆ ನಗು ಮತ್ತೆ ಕಿವಿಗೆ ಬಂದ ಹಾಗಾಯಿತು.

"ಮಾತಿನ ತಪ್ಪಲ್ಲ ಸರ್," ಅಂದೆ. "ಹೇಳೋರು ಏನಾದ್ರೂ ಸೇರಿಸಿ ಹೇಳ್ತಿರಬಹುದು."

"ಏನು ಸೇರಿಸಿ?"

"ಏನೋ... ಇದಕ್ಕೆ ದುಡ್ಡಾಗುತ್ತೆ ಅಂತ, ಹಾಗೇನಾದ್ರೂ. ಸುಮ್ನೆ ಹೇಳಿದೆ ಸರ್."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಬುದ್ಧಿವಂತೆ" ಅಂದರು.

ನಾನು ಯಾರ ಹೆಸರನ್ನೂ ಹೇಳಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ಮಾತಿನ ವಿಷಯ ಕೇಳಿದರು, ಮಾತಿನ ವಿಷಯ ಹೇಳಿದೆ. ಬೆಳಗಿನ ವಿಮಾನಗಳಲ್ಲಿ ಎಷ್ಟೋ ಜನ ಕೆಲಸ ಮಾಡುತ್ತಾರೆ.

ಸೆಪ್ಟೆಂಬರ್ 28, ಭಾನುವಾರ

ಚಿಕ್ಕಮ್ಮ ಸಿಕ್ಕಿಬಿದ್ದಳು.

ಆಫೀಸಿನವನೊಬ್ಬ ಪ್ರಯಾಣಿಕನ ಹಾಗೆ ಬಂದು ಕೂತಿದ್ದನಂತೆ. ಅವಳು ಅವನಿಗೇ, "ಕಂಬಳಿ ತಗೊಳ್ಳಿ, ಇದಕ್ಕೆ ದುಡ್ಡಾಗುತ್ತೆ, ನೋಡಿ ಯೋಚನೆ ಮಾಡಿ" ಅಂದಳಂತೆ. ಶುಕ್ರವಾರ ವಿಚಾರಣೆ.

"ಹೆದರಿಕೆ ಆಗ್ತಿದೆಯಾ ಚಿಕ್ಕಮ್ಮ?"

"ಹೆದರಿಕೆ ಏನು. ಹಾರೋದು ಬಿಟ್ರೆ ನನಗೆ ಇನ್ನೇನು ಬರುತ್ತೆ ಹೇಳು. ಈ ವಯಸ್ಸಲ್ಲಿ ನನ್ನನ್ನ ಯಾವ ಕಂಪನಿ ತಗೊಳ್ಳುತ್ತೆ?" ಫೋನಿನಲ್ಲಿ ನಕ್ಕಳು. "ನೋಡು, ಅಲ್ಲೂ ಅದೇ ಮಾತು ಬಂತು."

ಯಾರೋ ಹೇಳಿಕೊಟ್ಟಿರಬೇಕು, ಇಲ್ಲದಿದ್ದರೆ ನೇರವಾಗಿ ಬಂದು ಅವಳ ಸಾಲಿನಲ್ಲೇ ಕೂರುತ್ತಿರಲಿಲ್ಲ, ಅಂದಳು.

"ಪ್ರಯಾಣಿಕರು ಯಾರಾದ್ರೂ ದೂರು ಕೊಟ್ಟಿರಬೇಕು" ಅಂದೆ.

"ದುಡ್ಡಾಗುತ್ತೆ ಅಂತ ಮೊದಲೇ ಹೇಳಿದ್ದಕ್ಕೆ ದೂರು ಕೊಡ್ತಾರಾ?"

ಉಗುರು ಮತ್ತೆ ಬೆಳೆದಿತ್ತು. ಇವತ್ತಿಗೆ ಮುಗಿಯಿತು.

ಅಕ್ಟೋಬರ್ 3, ಶುಕ್ರವಾರ

ಕ್ಲಾಸಿಗೆ ಹೋಗಲಿಲ್ಲ. ಎಕ್ಸ್‌ಟ್ರಾ ಸರ್ ನನ್ನನ್ನೂ ವಿಚಾರಣೆಗೆ ಕರೆಸಿದ್ದರು, ಭಾಷೆಯ ವಿಷಯ ಬಂದರೆ ಬೇಕಾಗುತ್ತದೆ ಅಂತ.

ಸಣ್ಣ ಕೋಣೆ, ಉದ್ದ ಮೇಜು, ಏಸಿ ಜೋರು. ಒಂದು ಕಡೆ ಸಿಬ್ಬಂದಿ ವಿಭಾಗದ ಅಧಿಕಾರಿಣಿ, ಅವರ ಪಕ್ಕ ಎಕ್ಸ್‌ಟ್ರಾ ಸರ್, ಕೊನೆಯಲ್ಲಿ ನಾನು. ಎದುರಿಗೆ ಚಿಕ್ಕಮ್ಮ ಒಬ್ಬಳೇ. ಸಮವಸ್ತ್ರ ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದಳು. ನನ್ನನ್ನು ಕಂಡು ಒಂದು ಕ್ಷಣ ರೆಪ್ಪೆ ಬಡಿಯಲಿಲ್ಲ, ಆಮೇಲೆ ಎಲ್ಲರಿಗೂ ಬಾಗಿಸುವ ಹಾಗೆ ತಲೆ ಬಾಗಿಸಿದಳು.

ಸೇರಿಸಿ ಹೇಳಿದ್ದು ನಿಜವೇ ಅಂತ ಕೇಳಿದರು. ನಿಜ ಅಂದಳು. ಯಾಕೆ ಅಂದರು.

"ಆ ಮಾತು ಮೋಸದ್ದು ಅಂತ. ನಾನು ಇಷ್ಟು ವರ್ಷ ಅದೇ ಕಂಬಳಿ, ಅದೇ ಕೈಯಲ್ಲಿ ಕೊಟ್ಟಿದ್ದೀನಿ. ನನ್ನ ಕೈ ನೋಡಿದ್ರೆ ಜನಕ್ಕೆ ಕೊಡೋ ಕೈ ಅಂತಲೇ ಅನ್ಸುತ್ತೆ. ಅದರ ಮೇಲೆ ತಗೊಳ್ಳಿ ಅಂದ್ರೆ ಕೊಟ್ರು ಅಂದ್ಕೊಳ್ತಾರೆ. ವಯಸ್ಸಾದೋರು, ಮೊದಲನೇ ಸಲ ಬಂದೋರು. ಮಷೀನ್ ಬಂದಾಗ ಅವರ ಮುಖ ನೀವು ನೋಡಿಲ್ಲ."

"ಭಾಷೆ ನೋಡೋರು ಇಲ್ಲೇ ಇದ್ದಾರಲ್ಲ," ಅಂದರು ಅಧಿಕಾರಿಣಿ. ನನ್ನ ಕಡೆ ತಿರುಗಿದರು. "ನೀವು ಹೇಳಿ. ವ್ಯಾಪಾರದ ಜಾಗದಲ್ಲಿ ತಗೊಳ್ಳಿ ಅಂದ್ರೆ ಏನರ್ಥ?"

ಎಕ್ಸ್‌ಟ್ರಾ ಸರ್ ನನ್ನನ್ನು ನೋಡುತ್ತಿದ್ದರು. ಪ್ರಶ್ನೆ ಮಾತ್ರ ಸುಲಭದ್ದು. ಉತ್ತರ ಒಂದೇ.

"ಕೊಳ್ಳಿ ಅಂತ ಅರ್ಥ."

ಚಿಕ್ಕಮ್ಮ ನನ್ನ ಕಡೆ ತಿರುಗಿದಳು.

"ನಾನೊಂದು ಕೇಳಬಹುದಾ ಇವರನ್ನ?" ಅಂದಳು. ಹೂಂ ಅಂದರು. "ನೀವು ಅತ್ಕೊಂಡು ಯಾರದೋ ಮನೆಗೆ ಹೋದಾಗ, ಅವರು ಟೀ ಮಾಡಿ ಎದುರಿಗಿಟ್ಟು ತಗೋ ಅಂತಾರೆ ಅಂದ್ಕೊಳ್ಳಿ. ಆಗ ಏನರ್ಥ?"

ವಿಮಾನ ಮೇಲೇಳುತ್ತಿತ್ತು, ಮೇಜು ನಡುಗಿತು. ನಾನು ಪೆನ್ನನ್ನು ಉರುಳದ ಹಾಗೆ ಹಿಡಿದುಕೊಂಡೆ.

"ಮನೆಯಲ್ಲಿ ಅರ್ಥ ಬೇರೆ ಮೇಡಂ. ವಿಮಾನ ಮನೆ ಅಲ್ಲವಲ್ಲ."

ಎಕ್ಸ್‌ಟ್ರಾ ಸರ್ ಮೇಜನ್ನು ಮೆಲ್ಲಗೆ ತಟ್ಟಿದರು. ಅಧಿಕಾರಿಣಿ ಬರೆದುಕೊಂಡರು.

"ಸರಿಯಾಗಿ ಹೇಳಿದ್ರಿ," ಅಂದಳು ಚಿಕ್ಕಮ್ಮ. ನಾನು ಯಾರು ಅನ್ನುವುದನ್ನು ಕೊನೆಗೂ ಹೇಳಲಿಲ್ಲ. ಹೇಳಿದ್ದರೆ ನನ್ನ ಮಾತೇ ಬಿದ್ದುಹೋಗುತ್ತಿತ್ತು, ನನ್ನ ಕೆಲಸವೂ. ಅವಳಿಗೆ ಅದು ಹೊಳೆಯಲಿಲ್ಲವೋ ಏನೋ.

ಹೊರಗೆ ಬಂದ ಮೇಲೆ ತಿಳಿಯಿತು, ಅಷ್ಟು ಜನರ ಮುಂದೆ ಒಂದು ಕಡೆಯೂ ತಡವರಿಸಿರಲಿಲ್ಲ. ಬಾಯಲ್ಲಿ ಬಟ್ಟೆ ಇರಲಿಲ್ಲ. ನನ್ನಜ್ಜಿ ಕೇಳಬೇಕಿತ್ತು.

ಅಕ್ಟೋಬರ್ 8, ಬುಧವಾರ

ಚಿಕ್ಕಮ್ಮನನ್ನು ವಿಮಾನದಿಂದ ಇಳಿಸಿದರು. ಕೆಲಸದಿಂದ ತೆಗೆದಿಲ್ಲ, ಲಗೇಜು ತೂಕ ಮಾಡುವ ಕೌಂಟರಿಗೆ ಹಾಕಿದರು. ಹೆಚ್ಚು ತೂಕಕ್ಕೆ ಹೆಚ್ಚು ದುಡ್ಡು ಕೇಳುವ ಜಾಗ. ಚಿಕ್ಕಮ್ಮ ಅದು ಬೇಡ ಅಂತ ರಾಜೀನಾಮೆ ಕೊಟ್ಟರಂತೆ. ಒಪ್ಪಿಕೊಳ್ಳಬಹುದಿತ್ತು. ಕೂತು ಮಾಡುವ ಕೆಲಸ.

ಮೂರು ಸಲ ಫೋನ್ ಮಾಡಿದೆ, ತೆಗೆಯಲಿಲ್ಲ. ಬಿಜಿ ಇರಬೇಕು.

ಅಕ್ಟೋಬರ್ 11, ಶನಿವಾರ

ಹೊಸ ಕೆಲಸ ಬಂದಿದೆ. ನೀರಿಗೆ ಒಂದು ಮಾತು ಬೇಕಂತೆ.

ಅಕ್ಟೋಬರ್ 19, ಭಾನುವಾರ

ಅಮ್ಮ ಫೋನ್ ಮಾಡಿ ಬೈದಳು. "ಅವಳು ನಿನಗೆ ಅಷ್ಟು ಮಾಡಿದ್ದಾಳೆ, ಒಂದೇ ಊರಲ್ಲಿದ್ದು ಹೋಗಿ ನೋಡಿಲ್ಲ ಅಂದ್ರೆ ಏನರ್ಥ?" ಅಂದಳು. ಎಲ್ಲರೂ ನನ್ನನ್ನು ಅರ್ಥವೇ ಕೇಳುತ್ತಾರೆ ಈಚೆಗೆ.

ಬಿಸ್ಕತ್ತಿನ ಡಬ್ಬಿ ತೆಗೆದುಕೊಂಡು ಹೋದೆ. ಬಾಗಿಲು ತೆಗೆದರು. ಮನೆಯ ಬಟ್ಟೆ, ಕೂದಲು ಬಿಚ್ಚಿತ್ತು. ಕೂದಲು ಬಿಚ್ಚಿದ ಚಿಕ್ಕಮ್ಮನನ್ನು ಹಗಲಲ್ಲಿ ನಾನು ನೋಡಿಯೇ ಇರಲಿಲ್ಲ. ಡ್ಯೂಟಿಗೆ ಒಯ್ಯುತ್ತಿದ್ದ ಚಕ್ರದ ಪೆಟ್ಟಿಗೆ ಅಟ್ಟದ ಮೇಲೆ ಹೋಗಿತ್ತು.

"ಹೇಗಿದ್ದೀರ?" ಅಂದೆ.

"ಇದ್ದೀರ ಅಂತೆ," ಅಂದು ನಕ್ಕರು. "ಬಾ, ಕೂತ್ಕೋ. ಆಫೀಸನ್ನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬಾ."

ಕಿಟಕಿ ಪಕ್ಕದ ಮೇಜಿನ ಹತ್ತಿರ ಕೂತೆವು. ಕಾಲೇಜು, ಊಟ, ಪರೀಕ್ಷೆ ಎಲ್ಲ ವಿಚಾರಿಸಿದರು. ಆಮೇಲೆ ಮೇಜಿನ ಮೇಲೆ ಬೆರಳಿಂದ ಗೆರೆ ಎಳೆಯುತ್ತಾ, ನನ್ನ ಮುಖ ನೋಡದೆ ಹೇಳಿದರು.

"ದುಡ್ಡಾಗುತ್ತೆ ಅಂತ ನಾನು ಸೇರಿಸ್ತಿದ್ದೆ ಅಲ್ವಾ, ಅದನ್ನ ನೆಲದ ಮೇಲೆ ನಾನು ಹೇಳಿದ್ದು ಒಂದೇ ಕಡೆ. ಈ ಮೇಜಿನ ಹತ್ತಿರ."

ಮೇಲುಗಡೆ ವಿಮಾನವೊಂದು ಹೋಯಿತು. ಅವರು ತಲೆ ಎತ್ತಲಿಲ್ಲ.

"ನಿನ್ನ ಮೇಲೆ ಕೋಪ ಅಂತ ಅಲ್ಲ. ಒಂದು ಸಲ ನೀನೇ ಬಾಯಿ ಬಿಟ್ಟು ಹೇಳಿಬಿಡು, ಮುಗೀತು. ಆಮೇಲೆ ಇಬ್ಬರೂ ಟೀ ಕುಡಿಯೋಣ."

ಏನು ಹೇಳುವುದು? ನಾನು ಹೆಸರು ಹೇಳಿರಲಿಲ್ಲ. ಹೇಳದೆ ಇರುವುದನ್ನು ಹೇಳಿದೆ ಅಂತ ಹೇಗೆ ಹೇಳುವುದು?

"ಪ್ರಯಾಣಿಕರೇ ಯಾರೋ ದೂರು ಕೊಟ್ಟಿರಬೇಕು," ಅಂದೆ.

ಬೆರಳು ನಿಂತಿತು.

"ಇರಬೇಕು," ಅಂದು ಎದ್ದು ಒಳಗೆ ಹೋದರು.

ಟೀ ಮಾಡಲು ತುಂಬ ಹೊತ್ತು ಹಿಡಿಯಿತು. ಬಂದಾಗ ಕೂದಲು ಕಟ್ಟಿಕೊಂಡಿದ್ದರು, ಒಂದು ಎಳೆಯೂ ಆಚೀಚೆ ಇಲ್ಲದ ಹಾಗೆ. ಕಪ್ಪನ್ನು ಯಾವತ್ತಿನಂತೆ ಮೇಜಿನ ಮೇಲೆ ತಳ್ಳಲಿಲ್ಲ. ಟ್ರೇಯಲ್ಲಿಟ್ಟು, ಪಕ್ಕದಲ್ಲಿ ಕಾಗದದ ಕರವಸ್ತ್ರ ಮಡಚಿಟ್ಟು, ನನ್ನ ಎಡಗಡೆ ನಿಂತು ಸ್ವಲ್ಪ ಬಾಗಿದರು. ಮುಖದಲ್ಲಿ ನಗು ಇತ್ತು.

"ಟೀ ತಗೊಳ್ಳಿ," ಅಂದರು.

ಅಷ್ಟು ವರ್ಷದ ಸರ್ವಿಸು, ಬಾಯಿಂದ ಬೇಗ ಹೋಗುವುದಿಲ್ಲ. ತೆಗೆದುಕೊಂಡೆ. ಸಕ್ಕರೆ ಸರಿಯಾಗಿತ್ತು. ನಾನು ಕುಡಿಯುವವರೆಗೂ ಅವರು ಕೂರಲಿಲ್ಲ.

ಕುಡಿದು ಕಪ್ಪು ಟ್ರೇಯಲ್ಲಿಟ್ಟಾಗ, ಯಾಕೋ ಗೊತ್ತಿಲ್ಲ, ನನ್ನ ಕೈ ಪರ್ಸಿನ ಕಡೆ ಹೋಯಿತು.

ಅವರು ನೋಡಿದರು. ಬೇಡ ಅನ್ನಲಿಲ್ಲ.